ಹ್ಞೂಂ ಎಂದವನು

ಗೇಟಿನ ಬಳಿ ನಿಂತು ಜೋವಿಯಾ ಏನೋ ಕೇಳಿದಳು. ಅವಳ ತುಟಿ ಮೊದಲು ದುಂಡಗಾಯಿತು, ಆಮೇಲೆ ಅಗಲವಾಯಿತು, ಕೊನೆಗೆ ಹುಬ್ಬು ಮೇಲಕ್ಕೇರಿ ಅಲ್ಲೇ ನಿಂತಿತು. ಹುಬ್ಬು ಏರಿದರೆ ಅದು ಪ್ರಶ್ನೆ. ಇಷ್ಟು ವರ್ಷದ ಸಂಸಾರದಲ್ಲಿ ಕತುಂಗಿ ಅಷ್ಟನ್ನಾದರೂ ಕಲಿತಿದ್ದ. ಪ್ರಶ್ನೆಗೆ ಇರುವುದು ಎರಡೇ ಉತ್ತರ. ಇಲ್ಲ ಎಂದರೆ ಯಾಕೆ ಎಂಬ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ, ಅದೂ ಕೇಳಿಸುವುದಿಲ್ಲ. ಆದ್ದರಿಂದ ಅವನು "ಹ್ಞೂಂ" ಎಂದ. ಅವಳು ಸಂತೋಷದಿಂದ ಒಳಗೆ ಹೋದಳು. ಹೆಂಡತಿಗೆ ಇಷ್ಟು ಸಂತೋಷವಾಗುವಂಥ ಯಾವುದಕ್ಕೆ ತಾನು ಒಪ್ಪಿಕೊಂಡೆ ಎಂದು ಚಿಂತಿಸುತ್ತ ಪಶುವೈದ್ಯ ಕತುಂಗಿ ಬಾಡಿಗೆ ಬೈಕಿನ ಹಿಂದೆ ಕೂತು ಎಂಬರಾರಾ ಪಟ್ಟಣದ ಇಳಿಜಾರಿನಲ್ಲಿ ಸಮ್ಮೇಳನದ ಕಡೆಗೆ ಹೊರಟ. ಅವನಿಗೆ ಬೈಕಿನ ಹಿಂದೆ ಕೂರುವುದೆಂದರೆ ಇತ್ತೀಚೆಗೆ ಬಹಳ ಪ್ರೀತಿ. ಆ ಗಾಳಿಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಎಲ್ಲರೂ "ಏನು? ಏನು?" ಎಂದು ಕಿರುಚುತ್ತಾರೆ; ಯಾರೂ ಯಾರನ್ನೂ ಕಿವುಡ ಎನ್ನುವುದಿಲ್ಲ.

ಈ ಸಮ್ಮೇಳನವೂ ಒಂದು ಹ್ಞೂಂನಿಂದ ಹುಟ್ಟಿದ್ದು. ಪಶುವೈದ್ಯರ ಸಂಘದ ಅಧ್ಯಕ್ಷ ಕರುಹಂಗ ಕಳೆದ ವರ್ಷ ಸಭೆ ಕರೆದಿದ್ದ. ತಗಡಿನ ಚಾವಣಿಯ ಮೇಲೆ ಮಳೆ ಬಡಿಯುತ್ತಿತ್ತು. ಕರುಹಂಗನಿಗೆ ಮೀಸೆ ದಪ್ಪ, ಮೇಲಿನ ತುಟಿ ಅದರೊಳಗೆ ಎಲ್ಲೋ ಇದೆ ಎಂದು ನಂಬಿಕೊಳ್ಳಬೇಕಷ್ಟೇ. ಆ ಮೀಸೆ ಅಲುಗಾಡಿತು, ಮೇಜಿನ ಸುತ್ತ ಕೂತವರೆಲ್ಲ ಕತುಂಗಿಯ ಕಡೆಗೆ ತಿರುಗಿದರು. ಚಹಾ ಬೇಕೇ ಎಂದು ಕೇಳುತ್ತಿರಬೇಕು ಎಂದುಕೊಂಡು ಅವನು ತಲೆಯಾಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಲೋಟ ಚಹಾಕ್ಕೆ ಚಪ್ಪಾಳೆ ಯಾಕೆ ಎಂದು ಅವನಿಗೆ ತಿಳಿದದ್ದು ಮೂರು ದಿನದ ಮೇಲೆ, ಸಭೆಯ ಟಿಪ್ಪಣಿ ಕೈಗೆ ಬಂದಾಗ: ಮುಂದಿನ ಸಮ್ಮೇಳನಕ್ಕೆ ಕುಂಟರು, ಕುರುಡರು, ಕಿವುಡರು, ಬಸುರಿಯರು, ಬಾಣಂತಿಯರು ಸೇರಿ ಸಂಘದ ಸದಸ್ಯರೆಲ್ಲರೂ ಬರುವಂತಾಗಬೇಕು, ಅಲ್ಲದೆ ಅದರಿಂದ ನೆಲ ನೀರು ಗಾಳಿ ಕೆಡಬಾರದು, ಇದರ ಹೊಣೆಯನ್ನು ಡಾ. ಕತುಂಗಿ ಸಂತೋಷದಿಂದ ಒಪ್ಪಿಕೊಂಡಿದ್ದಾರೆ. 'ಸಂತೋಷದಿಂದ' ಎಂಬ ಪದವನ್ನು ಅವನು ಬಹಳ ಹೊತ್ತು ನೋಡಿದ.

ಆಮೇಲೆ ಅವನು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ, ಅದೇ ಈಗಿನ ತೊಂದರೆ. ಸಭಾಂಗಣದ ಮೆಟ್ಟಿಲುಗಳ ಪಕ್ಕ ಹಲಗೆಯ ಇಳಿಜಾರು ಕಟ್ಟಿಸಿದ. ಪಾಯಿಖಾನೆಯ ಬಾಗಿಲು ಅಗಲ ಮಾಡಿಸಿದ. ಕೈಸನ್ನೆಯಲ್ಲಿ ಮಾತು ದಾಟಿಸುವ ಹೆಂಗಸನ್ನು ಕಂಪಾಲಾದಿಂದ ಕರೆಸಿದ. ವೇದಿಕೆಯಲ್ಲಿ ಯಾರು ಏನು ಹೇಳಿದರೂ ಅದು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಮೂಡಬೇಕು ಎಂದು ಹಟ ಹಿಡಿದ. "ನಮ್ಮ ಕಿವುಡ ಸಹೋದ್ಯೋಗಿಗಳಿಗಾಗಿ" ಎಂದು ಹೇಳುವಾಗ ಅವನ ಕಂಠ ಗದ್ಗದವಾಗುತ್ತಿತ್ತು. ಕೇಳಿದವರ ಕಣ್ಣಿನಲ್ಲೂ ನೀರಾಡುತ್ತಿತ್ತು. ಎಂಥ ಹೃದಯವಂತ ಎಂದು ಸಂಘದವರೆಲ್ಲ ಹೇಳಿದರು. ಹೇಳಿದ್ದು ಅವನಿಗೆ ಕೇಳಿಸಲಿಲ್ಲ, ಆದರೆ ಹೊಗಳುವವರ ಮುಖ ದೂರದಿಂದಲೇ ತಿಳಿಯುತ್ತದೆ, ತುಪ್ಪ ಸವರಿದ ಹಾಗೆ ಇರುತ್ತದೆ. ತನ್ನ ಹೊಟ್ಟೆಗೆ ಬೇಕಾದ ಅನ್ನವನ್ನು ಬಡವರ ಹೆಸರಿನಲ್ಲಿ ಬೇಯಿಸಿಕೊಂಡವನಂತೆ ಕತುಂಗಿ ಆ ಹೊಗಳಿಕೆಯನ್ನು ತಲೆ ತಗ್ಗಿಸಿ ನುಂಗಿದ. ತಲೆ ತಗ್ಗಿಸಿದ್ದನ್ನು ಕಂಡು, ವಿನಯವೂ ಇದೆ ಎಂದರು.

ಕಿವಿ ಯಾವಾಗ ಹೋಯಿತು ಎಂದು ಹೇಳುವುದು ಕಷ್ಟ. ಬಾಗಿಲು ಬಡಿದುಕೊಂಡ ಹಾಗೆ ಹೋಗಲಿಲ್ಲ. ಊರಿನ ನೆಂಟರು ಒಬ್ಬೊಬ್ಬರೇ ಬಸ್ಸು ಹತ್ತಿದ ಹಾಗೆ ಹೋಯಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಮೊಮ್ಮಗಳ ಮಾತು, ಆಮೇಲೆ ಪಾದ್ರಿಯ ಪ್ರವಚನ. ಇದೊಂದಕ್ಕೆ ಅವನು ಅಷ್ಟಾಗಿ ದುಃಖಿಸಲಿಲ್ಲ. ಕೊನೆಗೆ ಒಂದು ದಿನ ಕಿರುಹುರಾದ ಬಯಲಿನಲ್ಲಿ ಮುದುಕನೊಬ್ಬನ ಕಡುಗೆಂಪು ಹಸುವಿನ ಎದೆಗೆ ಸ್ಟೆತೊಸ್ಕೋಪು ಒತ್ತಿದಾಗ ಒಳಗಿಂದ ಏನೂ ಬರಲಿಲ್ಲ. ಆಳೆತ್ತರದ ಕೊಂಬುಗಳ ನಡುವಿನಿಂದ ಹಸು ಅವನನ್ನು ನೋಡುತ್ತಿತ್ತು, ಮುದುಕನೂ ನೋಡುತ್ತಿದ್ದ. ಹಸು ಬದುಕಿದೆ ಎಂಬುದರಲ್ಲಿ ಸಂಶಯವಿರಲಿಲ್ಲ, ಅದು ಮೆಲುಕು ಹಾಕುತ್ತಿತ್ತು. "ಹೃದಯ ಗಟ್ಟಿಯಾಗಿದೆ, ಹೆದರಬೇಡಿ" ಎಂದುಬಿಟ್ಟ. ಹಸು ಚೆನ್ನಾಗಿಯೇ ಬಾಳಿತು, ಎರಡು ಕರು ಹಾಕಿತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದೊಂದು ಥರದ ನೆಮ್ಮದಿ. ಹೇಳಿದ ಸುಳ್ಳು ನಿಜವಾಗಿಬಿಟ್ಟರೆ ಯಾರ ಬಳಿ ಹೋಗಿ ತಪ್ಪಾಯಿತು ಎನ್ನುವುದು? ಮುದುಕ ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೈ ಹಿಡಿದು, "ಡಾಕ್ಟ್ರೇ, ನಿಮ್ಮ ಕಿವಿಗೆ ದೇವರು ಬಲ ಕೊಡಲಿ" ಎನ್ನುತ್ತಿದ್ದ. ಕೊಡಲಿಲ್ಲ. ಕಂಪಾಲಾದಲ್ಲಿ ಕಿವಿಯ ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಳು. ಹಾಕಿಕೊಂಡು ಕನ್ನಡಿ ನೋಡಿದಾಗ, ಗುರುತಿಗೆಂದು ಕಿವಿಗೆ ಬಿಲ್ಲೆ ಚುಚ್ಚಿಸಿಕೊಂಡ ಹೋರಿ ಕಾಣಿಸಿತು. ಇಡೀ ಜಿಲ್ಲೆಯ ದನಗಳಿಗೆ ಆ ಬಿಲ್ಲೆ ಚುಚ್ಚಿದವನು ತಾನೇ. ಯಂತ್ರವನ್ನು ಕಾಲುಚೀಲಗಳ ಅಡಿಯಲ್ಲಿ ಬಚ್ಚಿಟ್ಟ.

ಸಭಾಂಗಣದ ಅಂಗಳದಲ್ಲಿ ಬಸ್ಸುಗಳು ನಿಂತಿದ್ದವು. ಒಬ್ಬೊಬ್ಬರಿಗೆ ಒಂದೊಂದು ಬಿಳಿ ಜೀಪು ತರಕೂಡದು, ಜಿಲ್ಲೆಗೊಂದು ಬಸ್ಸು, ಅದರಲ್ಲಿ ದಾರಿಯ ಜನಕ್ಕೂ ಜಾಗ ಎಂಬುದೂ ಅವನದೇ ನಿಯಮ. ಬಸ್ಸಿನ ಬಾಗಿಲಿನಿಂದ ಅಧ್ಯಕ್ಷ ಕರುಹಂಗ ಇಳಿಯುತ್ತಿದ್ದ. ಕೋಟಿನ ಭುಜದ ಮೇಲೆ ಯಾರದೋ ಮಗು ನಿದ್ದೆಯಲ್ಲಿ ಸುರಿಸಿದ ಜೊಲ್ಲು ಒಣಗಿತ್ತು. ಅವನು ನೇರವಾಗಿ ಕತುಂಗಿಯ ಬಳಿ ಬಂದು, ಬಸ್ಸಿನ ಎಂಜಿನ್ನಿನ ಮೇಲೂ ಕೇಳಿಸುವಂತೆ ಕೂಗಿದ.

"ಏನಪ್ಪಾ ಕತುಂಗಿ! ಬಾಳೆಗೊನೆ ಜೊತೆ ನನ್ನನ್ನೂ ತುಂಬಿಸ್ಕೊಂಡು ಬಂದ್ರು! ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನ ಟಿಕೆಟ್ ಕೊಡೋನು ಅಂದ್ಕೊಂಡಿದ್ಲು!"

ಕೂಗಿ ಮಾತಾಡುವವರನ್ನು ಕಂಡರೆ ಕತುಂಗಿಗೆ ಬಲು ಇಷ್ಟ. "ಟಿಕೆಟ್ ಕೊಟ್ಯೋ ಇಲ್ವೋ?" ಎಂದ.

"ಕೊಡದೆ ಏನ್ ಮಾಡ್ಲಿ? ಅಧ್ಯಕ್ಷ ಅಂದ್ರೆ ನಂಬಬೇಕಲ್ಲ!" ಎಂದು ಕರುಹಂಗ ಭುಜ ಒರೆಸಿಕೊಳ್ಳುತ್ತ ಇಳಿಜಾರಿನ ಹಲಗೆಯ ಮೇಲೆ ಹತ್ತಿದ. ಮೆಟ್ಟಿಲು ಪಕ್ಕದಲ್ಲೇ ಇತ್ತು. ಮೊಣಕಾಲು ನೋಯುತ್ತಿದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ನೋಡಿದರೆ ಬಂದವರಲ್ಲಿ ಮುಕ್ಕಾಲು ಪಾಲು ಹಲಗೆಯನ್ನೇ ಹಿಡಿದಿದ್ದರು. ಗಾಲಿ ಕುರ್ಚಿಯಲ್ಲಿ ಬಂದ ಮಸಾಕಾದ ವೈದ್ಯ ಕೆಳಗೆ ನಿಂತು, ತನಗಾಗಿ ಕಟ್ಟಿದ ದಾರಿಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ.

ಬೆಳಗಿನ ಹೊತ್ತು ಎಲ್ಲ ಸುಸೂತ್ರವಾಗಿ ನಡೆಯಿತು. ಬಾಗಿಲಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಬದಲು ಮಣ್ಣಿನ ಮಡಕೆಗಳು ಕೂತಿದ್ದವು. ಅಂಗಳದ ಬಾವಿಯ ನೀರನ್ನೇ ಕುದಿಸಿ ತುಂಬಿಸಿದ್ದರು. ಕಂಪಾಲಾದಿಂದ ಬಂದ ದೊಡ್ಡ ಔಷಧಿ ವ್ಯಾಪಾರಿಯೊಬ್ಬ ಮಡಕೆಯೊಳಗೆ ಇಣುಕಿ, ಹಾವು ಇದೆಯೇನೋ ಎಂಬಂತೆ ಹಿಂದೆ ಸರಿದು, ಬಾವಿ ನೀರಾ, ಬಾವಿ ನೀರಾ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ. ಕತುಂಗಿಯನ್ನೂ ಎರಡು ಸಲ ಕೇಳಿದ. ಹಿಂದಿನ ವರ್ಷಗಳ ಬ್ಯಾನರುಗಳನ್ನೇ ತಿರುಗಿಸಿ ಹೊಲಿಸಿದ್ದರಿಂದ ವೇದಿಕೆಯ ಹಿಂದೆ ಹಳೆಯ ಅಕ್ಷರಗಳು ಉಲ್ಟಾ ಕಾಣಿಸುತ್ತಿದ್ದವು. ಡೀಸೆಲ್ ಜನರೇಟರನ್ನು ಅವನು ಬೇಡವೆಂದಿದ್ದ. ಹಾಲು ಡೇರಿಯಿಂದ ಎರವಲು ತಂದ ಸೂರ್ಯಶಕ್ತಿಯ ಬ್ಯಾಟರಿಗಳ ಮೇಲೆ ಮೈಕು, ಪರದೆ ಎರಡೂ ನಡೆಯುತ್ತಿದ್ದವು. ಮುಂದಿನ ಸಾಲಿನಲ್ಲಿ, ಕಿವಿ ಕೇಳದವರಿಗೆ ಎಂದು ಚೀಟಿ ಅಂಟಿಸಿದ ಕುರ್ಚಿಗಳಲ್ಲಿ, ಕೆಬಿರುಂಗಿ ಒಬ್ಬಳೇ ಕೂತಿದ್ದಳು. ಬುಶೆನ್ಯಿಯ ಪ್ರಯೋಗಾಲಯದ ವೈದ್ಯೆ. ಕಾಲೇಜಿನ ದಿನಗಳಲ್ಲಿ ಮಿದುಳಿನ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ಮಾತಾಡಬಲ್ಲಳು, ಏರಿಳಿತವಿಲ್ಲದ, ಹಲಗೆ ಕುಟ್ಟಿದಂಥ ದನಿ. ಕತುಂಗಿ ಅವಳ ಹಿಂದಿನ ಸಾಲಿನಲ್ಲಿ, ಸಂಘಟಕ ಎಲ್ಲೆಂದರಲ್ಲಿ ಕೂರಬಹುದು ಎಂಬ ಭಾವದಲ್ಲಿ, ಪರದೆ ಚೆನ್ನಾಗಿ ಕಾಣುವ ಕಡೆ ಕೂತ. ಅಕ್ಷರಗಳು ಮೂಡುತ್ತ ಹೋದವು. ಎಷ್ಟೋ ವರ್ಷದ ಮೇಲೆ ಅವನಿಗೆ ಭಾಷಣಗಳು ಅರ್ಥವಾದವು. ಅಷ್ಟು ವರ್ಷ ತಾನು ಏನನ್ನೂ ಕಳೆದುಕೊಂಡಿರಲಿಲ್ಲ ಎಂಬುದೂ ಅರ್ಥವಾಯಿತು.

ಗಲಾಟೆ ಎದ್ದದ್ದು ಊಟದಲ್ಲಿ. ಉದ್ದ ಕೊಂಬಿನ ದನಗಳ ನಾಡು ಅಂಕೋಲೆಯಲ್ಲಿ, ದನದ ಡಾಕ್ಟರುಗಳ ಸಮ್ಮೇಳನದಲ್ಲಿ, ಮಾಂಸವಿಲ್ಲ. ಬಾಳೆಲೆಯ ಮೇಲೆ ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಸಾರು, ಅವರೆ, ಕುಂಬಳ, ರಾಗಿ ಮುದ್ದೆ. ದನ ಸಾಕುವುದು ನೆಲಕ್ಕೂ ಗಾಳಿಗೂ ಎಷ್ಟು ಭಾರ ಎಂದು ಬೆಳಿಗ್ಗೆ ಒಂದು ಗಂಟೆ ಭಾಷಣ ಕೇಳಿ ತಲೆದೂಗಿದ್ದವರು ಈಗ ಎಲೆಯ ಮುಂದೆ ತಾಯಿ ಸತ್ತ ಕರುಗಳಂತೆ ನಿಂತಿದ್ದರು. "ಎಲೆಯಲ್ಲಿ ಬೇಯಿಸೋದು ಕೇಳಿದ್ದೆ, ತಿನ್ನೋದೂ ಎಲೆಯಲ್ಲೇನಾ?" ಎಂದು ಒಬ್ಬ ಕೂಗಿದ. "ಡಾಕ್ಟರ್ ಕತುಂಗಿ, ನಾಳೆ ಹುಲ್ಲು ಹಾಕ್ತೀರಾ ಸೆಬೊ?" ಎಂದು ಇನ್ನೊಬ್ಬ, ದೊಡ್ಡವರಿಗೆ ಹಚ್ಚುವ ಸೆಬೊ ಸೇರಿಸಿ, ಗೌರವದಿಂದಲೇ. ಇವೆಲ್ಲ ಅವನಿಗೆ ಕೇಳಿಸಿದ್ದು ಅಷ್ಟಿಷ್ಟು. ಗುಂಪಿನ ಮಾತೆಂದರೆ ಅವನಿಗೆ ಹೊಳೆಯೊಳಗೆ ಕಲ್ಲು ಉರುಳಿದ ಹಾಗೆ. ಅವನು ನಗುತ್ತ ಎಲ್ಲರಿಗೂ ಹ್ಞೂಂ ಹ್ಞೂಂ ಎಂದ. ನಾಳೆ ಹುಲ್ಲು ಹಾಕುವುದಕ್ಕೂ ಒಪ್ಪಿಕೊಂಡ. ಅಷ್ಟರಲ್ಲಿ ಹಲಗೆಯ ಮೇಲಿಂದ ಒಂದು ಕೈಗಾಡಿ ಬಂತು, ಅದರ ಹಿಂದೆ ಜೋವಿಯಾ. ಗಾಡಿಯಲ್ಲಿ ಬೆಣ್ಣೆಯಿಂದ ಕಡೆದ ಬಿಳಿಯ ಎಶಾಬ್ವೆ ಗೊಜ್ಜು ತುಂಬಿದ ದೊಡ್ಡ ಮಡಕೆ. ಮದುವೆಮನೆಯಲ್ಲಿ ಮಾತ್ರ ಕಾಣುವ ಆ ಗೊಜ್ಜನ್ನು ಕಂಡು ಡಾಕ್ಟರುಗಳ ಮುಖ ಅರಳಿತು.

"ಎಶಾಬ್ವೆ ಮಾಡಿ ತರ್ಲಾ, ಇಲ್ಲಾಂದ್ರೆ ನಿಮ್ಮನ್ನ ಚಚ್ಚಿ ಹಾಕ್ತಾರೆ ಅಂತ ಬೆಳಿಗ್ಗೆ ಗೇಟಲ್ಲಿ ಕೇಳಿದ್ನಲ್ಲ, ಹ್ಞೂಂ ಅಂದ್ರಲ್ಲ" ಎಂದಳು ಜೋವಿಯಾ, ಅವನ ಮುಖದ ಎದುರಿಗೆ ಬಂದು ನಿಂತು.

"ಅದಕ್ಕೇ ಅಲ್ವಾ ಹ್ಞೂಂ ಅಂದಿದ್ದು" ಎಂದ ಕತುಂಗಿ. ಅವಳು ಅವನನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನೋಡಿದಳು, ಸೌಟು ತೆಗೆದುಕೊಂಡು ಬಡಿಸಲು ಹೋದಳು. ಅವಳು ಮಾತಾಡುವಾಗ ಎದುರಿಗೆ ಬಂದು ನಿಲ್ಲುವುದು ಯಾವಾಗಿನಿಂದ ಶುರುವಾಯಿತು? ಅಡುಗೆಮನೆಯಿಂದ ಕೂಗಿ ಕರೆಯುತ್ತಿದ್ದವಳು ಈಗ ಬಂದು ಭುಜ ಮುಟ್ಟುತ್ತಾಳೆ. ಅದನ್ನು ಅವನು ವಯಸ್ಸಾದ ಮೇಲೆ ಹೆಚ್ಚಾದ ಪ್ರೀತಿ ಎಂದುಕೊಂಡಿದ್ದ.

ಎಲೆ ಹಿಡಿದು ಅವನು ಕೆಬಿರುಂಗಿಯ ಪಕ್ಕ ಕೂತ. ಸಂಘಟಕನಾದವನು ಕಿವುಡ ಅತಿಥಿಯನ್ನು ವಿಚಾರಿಸಬೇಕಲ್ಲ. ಎಲ್ಲ ಅನುಕೂಲವಾಗಿದೆಯೇ ಎಂದು ಬಾಯಿ ಅಗಲಿಸಿ, ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಕೇಳಿದ.

"ಅಷ್ಟು ಬಾಯಿ ತೆರೀಬೇಡಿ, ಗೊಜ್ಜು ಕಾಣ್ಸುತ್ತೆ" ಎಂದಳು ಅವಳು. ಆಮೇಲೆ ತುತ್ತು ನುಂಗಿ, ಅವನ ಕಡೆಗೆ ಪೂರ್ತಿ ತಿರುಗಿದಳು. "ಒಂದು ಮಾತು ಕೇಳ್ಲಾ ಡಾಕ್ಟ್ರೇ? ಬೆಳಿಗ್ಗೆಯಿಂದ ನೋಡ್ತಿದ್ದೀನಿ. ನೀವು ನನ್ನ ಬಾಯಿ ನೋಡ್ತೀರಿ. ಕರುಹಂಗ ಅವರ ಬಾಯಿ ನೋಡ್ತೀರಿ. ಚಹಾ ಕೊಡೋನ ಬಾಯಿ ನೋಡ್ತೀರಿ."

"ಅಂದ್ರೆ?"

"ಬಾಯಿ ನೋಡೋರು ಎರಡೇ ಬಗೆ. ಪ್ರೀತಿ ಮಾಡೋರು, ಕಿವುಡರು. ಚಹಾದವನ ಮೇಲೆ ನಿಮಗೆ ಅಷ್ಟು ಪ್ರೀತಿ ಇರೋ ಹಾಗೆ ಕಾಣ್ಲಿಲ್ಲ."

ಕತುಂಗಿ ಎಲೆಯನ್ನು ಮಡಿಲಿಗಿಳಿಸಿದ. ಸುತ್ತ ನೋಡಿದ. ಅವಳ ಹಲಗೆ ಕುಟ್ಟುವ ದನಿ ಎಷ್ಟು ದೂರ ಹೋಗುತ್ತದೆ ಎಂದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಇಬ್ಬರು ಕಿವುಡರ ಗುಟ್ಟಿನ ಮಾತು ಇಡೀ ಪಂಕ್ತಿಗೆ ಕೇಳಿಸಿರಬಹುದು. "ನನಗೆ ಚೆನ್ನಾಗಿ ಕೇಳ್ಸುತ್ತೆ" ಎಂದ ಅವನು, ತುಟಿ ಮಾತ್ರ ಅಲುಗಿಸಿ. ಅವಳು ಜೋರಾಗಿ ನಕ್ಕಳು. ಗಂಟಲು ಅಲುಗದೆ, ದನಿಯೇ ಹೊರಡಿಸದೆ ಕೇಳ್ಸುತ್ತೆ ಎನ್ನುವವನನ್ನು ಅವಳು ಇದೇ ಮೊದಲು ಕಂಡದ್ದಿರಬೇಕು. ಅವನಿಗೆ ಸಿಟ್ಟು ಬಂತು. ಇವಳಿಗೇನು, ಇವಳ ಕೆಲಸ ಕಣ್ಣಿನದು, ಗಾಜಿನ ತುಣುಕಿನ ಮೇಲೆ ಹನಿ ಹಾಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ತಾನು ಹಸುವಿನ ಪಕ್ಕೆಗೆ ಕಿವಿ ಕೊಟ್ಟು ಬದುಕಿದವನು. ನಾಳೆ ಈ ಸುದ್ದಿ ಸಂತೆಗೆ ಮುಟ್ಟಿದರೆ ಯಾವ ಮುದುಕ ತನ್ನ ಕೊಟ್ಟಿಗೆಯ ಬಾಗಿಲು ತೆಗೆದಾನು? ಕಿವುಡ ಡಾಕ್ಟರು, ಕುರುಡ ಚಾಲಕ. ಅವನು ಎಲೆ ಮಡಚಿ ಗೊಬ್ಬರದ ಗುಂಡಿಗೆ ಹಾಕಿ, ಕೈ ತೊಳೆದು, ಇನ್ನು ಅವಳ ಕಡೆ ತಿರುಗಿಯೂ ನೋಡಬಾರದು ಎಂದು ನಿರ್ಧರಿಸಿದ.

ಮಧ್ಯಾಹ್ನದ ಗೋಷ್ಠಿ ಹಾಲಿನ ದನಗಳ ರೋಗಗಳ ಮೇಲೆ. ಅಧ್ಯಕ್ಷತೆ ಕತುಂಗಿಯದು. ಪರದೆ ಇರುವ ಧೈರ್ಯದ ಮೇಲೆ ಅದಕ್ಕೂ ಹ್ಞೂಂ ಎಂದಿದ್ದ. ಎರಡು ಪ್ರಬಂಧ ಮುಗಿಯುವಷ್ಟರಲ್ಲಿ ಮೋಡ ಕವಿಯಿತು. ಪರದೆಯ ಮೇಲೆ ಒಂದು ವಾಕ್ಯ ಅರ್ಧಕ್ಕೆ ನಿಂತು, ಮಸುಕಾಗಿ, ಆರಿಹೋಯಿತು. ಮೈಕು ಒಂದು ಸಲ ಗೊರಗೊರ ಎಂದು ಸತ್ತಿತು. ಹೋಗಿ ನೋಡಿದರೆ ಬ್ಯಾಟರಿಗಳ ಸುತ್ತ ಡಾಕ್ಟರುಗಳ ಫೋನುಗಳು, ತಾಯಿಯ ಕೆಚ್ಚಲಿಗೆ ನೇತುಬಿದ್ದ ಕರುಗಳ ಹಾಗೆ, ತಂತಿ ಬಾಯಲ್ಲಿಟ್ಟುಕೊಂಡು ಹೀರುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕರುಹಂಗನದು. "ಜನರೇಟರ್ ಇದ್ದಿದ್ರೆ!" ಎಂದು ಕರುಹಂಗ ಕೈ ಚೆಲ್ಲಿದ. "ಮೈಕ್ ಇಲ್ದಿದ್ರೇನು, ನಾವೇನು ಹಟ್ಟಿಯಲ್ಲಿ ಮೈಕ್ ಇಟ್ಕೊಂಡು ಮಾತಾಡ್ತೀವಾ? ನಡೆಸು ನಡೆಸು."

ವೇದಿಕೆಯ ಮೇಲಿಂದ ಸಭಾಂಗಣ ಕತ್ತಲ ಕೊಳದ ಹಾಗೆ ಕಂಡಿತು. ತುಟಿಗಳು ಕಾಣುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು, ಆಮೇಲೆ ಒಬ್ಬ ಹುಡುಗಿ ಎದ್ದಳು. ತೆಳ್ಳಗಿನ ಆಕಾರ, ಹಳದಿ ಉಡುಪು. ಕಿರುಹುರಾದ ಹೊಸ ವೈದ್ಯೆ ಅರಿಂಡಾ ಇರಬೇಕು. ಅವಳು ಮಾತಾಡಿದಳು. ಕತುಂಗಿ ಕುತ್ತಿಗೆ ಮುಂದೆ ಚಾಚಿ, ಎಡಗಿವಿಯನ್ನು ಗಲ್ಲ ಉಜ್ಜುವ ನೆವದಲ್ಲಿ ಆ ಕಡೆ ತಿರುಗಿಸಿ, ದೇಹವನ್ನೆಲ್ಲ ಒಂದು ಕಿವಿಯಾಗಿ ಮಾಡಿಕೊಂಡು ಹಿಡಿದ. ಹೊಳೆಯ ಸದ್ದಿನ ನಡುವಿನಿಂದ ನಾಲ್ಕು ಪದ ದಡಕ್ಕೆ ಬಂದವು: "...ಬಾವಿಗೆ ಏನು ಹಾಕಬೇಕು ಸೆಬೊ?"

ಬಾವಿ! ಬೆಳಿಗ್ಗೆಯಿಂದ ಈ ಬಾವಿಯದೇ ಗೋಳು. ಇವರಿಗೆ ಬಾಟಲಿಯ ಮುಚ್ಚಳ ಟಕ್ಕೆಂದರೇ ದಾಹ ತೀರುವುದು. ಅವನಿಗೆ ಆ ಹುಡುಗಿಯ ಮೇಲೆ ಸ್ವಲ್ಪ ರೇಗಿತು. ಕೇಳಿಸಿತು ಎಂಬ ಸಂತೋಷ ಅದಕ್ಕಿಂತ ಹೆಚ್ಚಾಗಿತ್ತು. ಎದೆಯುಬ್ಬಿಸಿ ಗಟ್ಟಿಯಾಗಿ ಹೇಳಿದ: "ಬ್ಲೀಚಿಂಗ್ ಪುಡಿ ಹಾಕ್ಬೇಕು. ವಾರಕ್ಕೊಂದು ಸಲ. ಮೇಲಿಂದ ಸುರಿದು, ಬಕೆಟ್ ಇಳಿಬಿಟ್ಟು ಚೆನ್ನಾಗಿ ಕಲಕ್ಬೇಕು. ಎಲೆ ಕಸ ಬೀಳದ ಹಾಗೆ ಬಲೆ ಮುಚ್ಚಿಡ್ಬೇಕು. ಆಮೇಲೆ ಕುದಿಸಿ ಕುಡೀರಿ, ಏನೂ ಆಗಲ್ಲ. ಬೆಳಿಗ್ಗೆಯಿಂದ ನಾನೇ ಕುಡೀತಿಲ್ವಾ?"

ಸಭಾಂಗಣವೇ ಬಿದ್ದುಹೋಗುವಂತೆ ನಗು ಎದ್ದಿತು. ಅದು ಅವನಿಗೂ ಕೇಳಿಸಿತು, ಕುರ್ಚಿಯ ಕಾಲುಗಳಿಂದ ಮೈಗೆ ಹತ್ತಿತು. ಜನ ಒಬ್ಬರ ತೊಡೆ ಒಬ್ಬರು ಬಡಿದುಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ಕರುಹಂಗ ಮೀಸೆಯ ಮೇಲಿನ ಕಣ್ಣೀರು ಒರೆಸಿಕೊಂಡು, ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದ: "ಕೊಂದ್ಬಿಟ್ಟೆ ಕಣಯ್ಯಾ! ಆ ಹುಡುಗಿ ಹಸುವಿನ ಕೆಚ್ಚಲು ಬಾವಿಗೆ ಏನು ಹಾಕ್ಬೇಕು ಅಂತ ಕೇಳಿದ್ರೆ ಕೆಚ್ಚಲಿಗೆ ಬಕೆಟ್ ಇಳಿಬಿಡು ಅಂತೀಯಲ್ಲ! ಇಷ್ಟು ತಮಾಷೆಯ ಮನುಷ್ಯ ಅಂತ ಗೊತ್ತೇ ಇರ್ಲಿಲ್ಲ!"

ತಮಾಷೆ. ದೇವರು ಬಾಗಿಲು ತೆರೆದು ಹಿಡಿದಿದ್ದ. ಕತುಂಗಿ ಒಂದು ಸಲ ಕಣ್ಣು ಮಿಟುಕಿಸಿದರೆ ಸಾಕಿತ್ತು, ವರ್ಷಗಟ್ಟಲೆ ಈ ಮಾತನ್ನು ಹಟ್ಟಿಹಟ್ಟಿಯಲ್ಲಿ ಹೇಳಿಕೊಂಡು ನಗುತ್ತಿದ್ದರು, ಕತುಂಗಿಯ ಜೋಕು ಎಂದು. ಅವನ ಮುಖ ಆಗಲೇ ನಗಲು ಸಿದ್ಧವಾಗಿತ್ತು. ಇಷ್ಟು ವರ್ಷ ಅಭ್ಯಾಸವಾದ ಮುಖ, ಎಲ್ಲರೂ ನಕ್ಕಾಗ ತಾನೂ ನಗುವ ಮುಖ. ಹಳದಿ ಉಡುಪಿನ ಹುಡುಗಿ ಇನ್ನೂ ನಿಂತೇ ಇದ್ದಳು. ಕೂರಬೇಕೋ ಬಾರದೋ ತಿಳಿಯದೆ, ಎರಡು ಕೈಗಳನ್ನೂ ಮುಂದಿನ ಕುರ್ಚಿಯ ಬೆನ್ನಿಗೆ ಊರಿ, ತಾನೂ ನಗಲು ನೋಡುತ್ತಿದ್ದಳು. ಆ ನಗುವನ್ನು ಅಷ್ಟು ದೂರದಿಂದ, ಆ ಮಬ್ಬಿನಲ್ಲಿ ಅವನು ಗುರುತು ಹಿಡಿದ. ಅರ್ಥವಾಗದೆ ನಗುವವರ ನಗು. ಕನ್ನಡಿಯಲ್ಲಿ ಅದನ್ನು ಅವನಷ್ಟು ಕಂಡವರು ಯಾರಿದ್ದಾರೆ? ಪಕ್ಕದವನು ಅವಳ ತೋಳು ಎಳೆದ. ಅವಳು ಕೂತಳು, ಕತ್ತಲೆ ಅವಳನ್ನು ನುಂಗಿತು. ಇನ್ನು ಈ ಹುಡುಗಿ ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ. ಹಿರಿಯರು ಏನು ಹೇಳಿದರೂ ಹ್ಞೂಂ ಎನ್ನುತ್ತಾಳೆ. ಮುಂದಿನ ಸಾಲಿನಲ್ಲಿ ಸನ್ನೆಯ ಹೆಂಗಸಿನ ಕೈಗಳು ಎಲ್ಲವನ್ನೂ ದಾಟಿಸಿ ನಿಂತಿದ್ದವು. ಕೆಬಿರುಂಗಿ ನಗುತ್ತಿರಲಿಲ್ಲ. ಅವಳ ಹುಬ್ಬು ಮೇಲಕ್ಕೇರಿ ಅಲ್ಲೇ ನಿಂತಿತ್ತು.

"ತಮಾಷೆ ಅಲ್ಲ" ಎಂದ ಕತುಂಗಿ. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವನಿಗೆ ಒಂದು ಕ್ಷಣ ಎಂಥದೋ ಸಮಾಧಾನವಾಯಿತು, ಅವರಿಗೂ ಕೇಳಿಸುತ್ತಿಲ್ಲ. ಎದ್ದು ನಿಂತು, ದನ ಕರೆಯುವ ದನಿ ತೆಗೆದು ಕೂಗಿದ: "ತಮಾಷೆ ಅಲ್ರೀ! ಆಕೆ ಕೇಳಿದ್ದು ನನಗೆ ಕೇಳಿಸ್ಲೇ ಇಲ್ಲ. ಬಾವಿಗೆ ಅಂದಷ್ಟು ಕೇಳಿಸ್ತು, ಕುಡಿಯೋ ನೀರಿನ ಬಾವಿ ಅಂದ್ಕೊಂಡೆ. ನನ್ನ ಕಿವಿ ಹೋಗಿ ಬಹಳ ಕಾಲ ಆಯ್ತು. ಆ ಪರದೆ ನಾನು ಹಾಕಿಸಿದ್ದು ನನಗೋಸ್ಕರ. ಆಕೆ ಸರಿಯಾಗೇ ಕೇಳಿದ್ಲು, ಪೆದ್ದನಾದೋನು ನಾನು."

ನಗು ಒಂದೊಂದೇ ಕಡೆ ಆರುತ್ತ ಬಂತು. ಯಾರೋ ನಡುವಿನಿಂದ ಏನೋ ಹೇಳಿದರು.

"ಏನಂದ್ರಿ?" ಎಂದ ಕತುಂಗಿ. "ಅದೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಮತ್ತೆ ನಕ್ಕರು. ಈ ಸಲ ಅವನಿಗೂ ನಗು ಬಂತು, ತಾನಾಗಿಯೇ, ಸೀನು ಬಂದ ಹಾಗೆ. ಸಂತೆಯ ಮುದುಕ, ಮುಚ್ಚಿದ ಕೊಟ್ಟಿಗೆ ಬಾಗಿಲುಗಳು, ಎಲ್ಲ ಕಣ್ಣ ಮುಂದೆ ಹಾದುಹೋದವು. ಅಷ್ಟರಲ್ಲಿ ಹಲಗೆ ಕುಟ್ಟುವ ದನಿ ಎದ್ದಿತು. "ಈ ಕತ್ತಲಲ್ಲಿ ಯಾಕೆ ಕೂತಿದ್ದೀರಿ ಎಲ್ಲ? ಹೊರಗೆ ಬೆಳಕಿದೆ. ಕುರ್ಚಿ ತಗೊಂಡು ಬನ್ನಿ, ದುಂಡಗೆ ಹಾಕಿ. ನನಗೆ ಕೈ ಕಾಣ್ಬೇಕು, ಅವರಿಗೆ ಬಾಯಿ ಕಾಣ್ಬೇಕು" ಎಂದು ಕೆಬಿರುಂಗಿ ತನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟೇಬಿಟ್ಟಳು. ಅಂಥ ಹೆಂಗಸು ಹೊರಟ ಮೇಲೆ ಉಳಿದವರು ಕೂತಿರುವುದು ಹೇಗೆ?

ಅಂಗಳದ ದೊಡ್ಡ ಅತ್ತಿಮರದ ಕೆಳಗೆ ಕುರ್ಚಿಗಳು ಬಂದವು. ದುಂಡಗೆ ಎಂದರೂ ಅದು ದುಂಡಗಾಗಲಿಲ್ಲ, ಹಲಸಿನ ಕಾಯಿಯ ಆಕಾರವಾಯಿತು. ಗಾಲಿ ಕುರ್ಚಿಯ ಮಸಾಕಾದವನು ಮೊಟ್ಟಮೊದಲು ಬಂದು ಒಳ್ಳೆಯ ಜಾಗ ಹಿಡಿದ. "ನಾನು ನನ್ನ ಕುರ್ಚಿ ಹೊತ್ಕೊಂಡೇ ತಿರುಗೋನು" ಎಂದು ಬೀಗಿದ. ನಡುವಿನಲ್ಲಿ, ಮಾತಾಡುವವರ ಹತ್ತಿರ, ಕೇಳದವರಿಗೆಂದು ಕೆಲವು ಕುರ್ಚಿ ಬಿಟ್ಟಿದ್ದರು. ಕತುಂಗಿ ಅಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ ನರೆತಲೆಯ ಒಬ್ಬ ಡಾಕ್ಟರು ಬಂದು, ನೆರಳು ಇಲ್ಲಿ ಚೆನ್ನಾಗಿದೆ ಎಂದು ಪಕ್ಕದಲ್ಲಿ ಕೂತ. ಆಮೇಲೆ ಇನ್ನೊಬ್ಬ, ಬೆನ್ನಿಗೆ ಗಾಳಿ ಹೊಡೆಯುತ್ತದೆ ಎಂದು. ಕಬಾಲೆಯ ಮುದುಕ ಡಾಕ್ಟರು ಯಾವ ಕಾರಣವನ್ನೂ ಹೇಳದೆ, ಅಂಗೈಯನ್ನು ಕಿವಿಯ ಹಿಂದೆ ಆನಿಸಿಕೊಂಡೇ ಬಂದ. ಎಲ್ಲರಿಗಿಂತ ಕೊನೆಗೆ ಕರುಹಂಗ, ಜೊಲ್ಲಿನ ಕಲೆಯ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಬಂದು, ಅಧ್ಯಕ್ಷನಾದವನು ನಡುವೆ ಇರಬೇಕಲ್ಲ ಎಂದು ಗೊಣಗುತ್ತ ಕೂತ. ಆ ಸಾಲಿನಲ್ಲಿ ಈಗ ಕುರ್ಚಿ ಸಾಲದಾಯಿತು. ಕೆಬಿರುಂಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಬೆಳಿಗ್ಗೆಯೆಲ್ಲ ನಾನೊಬ್ಬಳೇ ಆರಾಮಾಗಿ ಕಾಲು ಚಾಚ್ಕೊಂಡು ಕೂತಿದ್ದೆ" ಎಂದಳು.

ಕತುಂಗಿ ಕೈ ಮಾಡಿ ಅರಿಂಡಾಳನ್ನು ಹತ್ತಿರ ಕರೆದ. ಅವಳ ಕಣ್ಣುಗಳು ಕೆಂಪಾಗಿದ್ದವು. "ಇನ್ನೊಂದ್ಸಲ ಕೇಳಮ್ಮ" ಎಂದ. "ನನ್ನ ಮುಖ ನೋಡಿ ಕೇಳು."

ಅವಳು ಕೇಳಿದಳು. ಮೊದಲು ತಡವರಿಸಿ, ಆಮೇಲೆ ಓಡೋಡಿ. ತನ್ನ ಕಡೆ ಹಾಲು ಕರೆಯುವ ಹಸುಗಳಲ್ಲಿ ಕೆಚ್ಚಲು ಬಾವು ಮನೆಮನೆಗೂ ಇದೆ, ಯಾವ ಔಷಧಿ ಏರಿಸಿದರೂ ನಾಟುತ್ತಿಲ್ಲ, ಎರಡು ದಿನಕ್ಕೆ ಕಡಿಮೆಯಾಗಿ ಮತ್ತೆ ಏಳುತ್ತದೆ, ಜನ ತನ್ನನ್ನು ಬೈಯುತ್ತಾರೆ. ಕತುಂಗಿ ಒಂದು ಸಲ ತಡೆದು, ಎರಡು ದಿನವೋ ಎರಡು ತಿಂಗಳೋ ಎಂದು ಕೇಳಿದ. ಇನ್ನೊಂದು ಸಲ ತಡೆದು ಔಷಧಿಯ ಹೆಸರನ್ನು ಮತ್ತೆ ಹೇಳಿಸಿದ. ತಡೆದು ಕೇಳುವುದು ಇಷ್ಟು ಸುಲಭವೇ? ಕೂತವರು ಯಾರೂ ಎದ್ದು ಹೋಗಲಿಲ್ಲ, ಮರ ಬೀಳಲಿಲ್ಲ. ಔಷಧಿ ಬೇಡ, ಮೊದಲು ಹಾಲು ಕರೆಯುವವರ ಕೈ ನೋಡು, ಒಂದು ಹಸುವಿನಿಂದ ಇನ್ನೊಂದಕ್ಕೆ ಕೈ ತೊಳೆಯದೆ ಹೋಗುತ್ತಾರೆ ಎಂದ. ಕೆಬಿರುಂಗಿ ತಲೆ ಅಲ್ಲಾಡಿಸಿ, ಅದಷ್ಟೇ ಅಲ್ಲ, ಹಾಲಿನ ಹನಿ ನನಗೆ ಕಳಿಸು, ಎರಡನೇ ದಿನಕ್ಕೇ ಔಷಧಿ ನಿಲ್ಲಿಸಿ ಹಾಲು ಮಾರುತ್ತಾರೆ, ರೋಗ ಗಟ್ಟಿಯಾಗಿ ಕೂತಿರುತ್ತದೆ ಎಂದಳು. ಇಬ್ಬರೂ ವಾದಕ್ಕೆ ಬಿದ್ದರು. ಅವನು ಅವಳ ಬಾಯಿ ನೋಡಿ, ಅವಳು ಅವನ ಬಾಯಿ ನೋಡಿ, ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಶುರುಮಾಡುವ ಹಾಗಿಲ್ಲದ್ದರಿಂದ, ಸಂಘದ ಇತಿಹಾಸದಲ್ಲೇ ಇಷ್ಟು ಮರ್ಯಾದೆಯ ಜಗಳ ನಡೆದಿರಲಿಲ್ಲ. ಕೊನೆಗೆ ಅರಿಂಡಾಳೇ ನಡುವೆ ಕೈಯೆತ್ತಿ, "ಇಬ್ಬರೂ ಸ್ವಲ್ಪ ನಿಲ್ಲಿ, ನನ್ನ ಹಸುಗಳ ತೊಂದರೆ ಇವೆರಡೂ ಅಲ್ಲ" ಎಂದಳು. ಸುತ್ತ ಕೂತವರು ಹೋ ಎಂದರು.

ಗೋಷ್ಠಿ ಮುಗಿದು ಜನ ಬಸ್ಸಿನತ್ತ ಚದುರುವಾಗ ಅರಿಂಡಾ ಅವನ ಎದುರಿಗೆ ಬಂದು ನಿಂತಳು. "ಸೆಬೊ, ಸೋಮವಾರ ಕಿರುಹುರಾಕ್ಕೆ ಬರ್ತೀರಾ? ಒಂದು ಹಸು ಮಲಗಿಬಿಟ್ಟಿದೆ."

"ನಾನು ಬಂದು ಏನ್ ಮಾಡ್ಲಿ? ಸ್ಟೆತೊಸ್ಕೋಪು ನನ್ನ ಪಾಲಿಗೆ ಬರೀ ಹಾರ."

"ಕೇಳೋದು ನಾನು ಕೇಳ್ತೀನಿ. ನೀವು ಕೈ ಇಟ್ಟು ನೋಡಿ. ಕೇಳಿದ್ದು ಏನು ಅಂತ ನನಗೆ ಅರ್ಥ ಆಗಲ್ಲ, ಅದನ್ನ ನೀವು ಹೇಳಿ."

ಅವನು ಕೂಡಲೇ ಹ್ಞೂಂ ಎನ್ನಲಿಲ್ಲ. ಹಸು ಎಷ್ಟು ದಿನದಿಂದ ಮಲಗಿದೆ, ಮೇವು ಮುಟ್ಟುತ್ತದೆಯೇ, ಕಣ್ಣು ಹೇಗಿದೆ, ದಾರಿ ಎಷ್ಟು ಕೆಟ್ಟದಾಗಿದೆ, ಎಲ್ಲವನ್ನೂ ಕೇಳಿ, ಕೇಳಿಸದ್ದನ್ನು ಮತ್ತೆ ಕೇಳಿ, ಆಮೇಲೆ "ಸೋಮವಾರ ಆಗಲ್ಲ, ಅಷ್ಟರಲ್ಲಿ ಸತ್ತಿರುತ್ತೆ. ನಾಳೆ ಬೆಳಿಗ್ಗೆಯೇ ಹೋಗೋಣ. ಸಮ್ಮೇಳನ ನಾನಿಲ್ದೆ ನಡೆಯುತ್ತೆ" ಎಂದ. ದೂರದಲ್ಲಿ ಜೋವಿಯಾ ಖಾಲಿ ಮಡಕೆಯನ್ನು ಗಾಡಿಗೆ ಏರಿಸಿ ಕಾಯುತ್ತಿದ್ದಳು. ಅವಳಿಗೆ ಏನು ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಬೇಕು. ಕೇಳಿದರೆ ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು, ಅದಕ್ಕೆ ಒಂದು ಇಡೀ ಸಂಜೆ ಬೇಕಾದೀತು. ಬಸ್ಸಿನ ಕಿಟಕಿಯಿಂದ ಕರುಹಂಗ, ಮಡಿಲಲ್ಲಿ ಅದೇ ಮಗುವನ್ನು ಕೂರಿಸಿಕೊಂಡು, ಅವನತ್ತ ಏನೋ ಕೂಗಿದ. ಮೀಸೆ ಮೇಲೆ ಕೆಳಗೆ ಆಯಿತು. ಮಾತು ಎಂಜಿನ್ನಿನ ಸದ್ದಿನಲ್ಲಿ ಕರಗಿಹೋಯಿತು. ಏನು ಎಂದು ಕೇಳಲು ಕತುಂಗಿ ಬಾಯಿ ತೆರೆದ. ಆಮೇಲೆ ಆ ಮುಖವನ್ನು ಚೆನ್ನಾಗಿ ನೋಡಿದ. ಬರೀ ಕೀಟಲೆ, ಎರಡನೇ ಸಲ ಹೇಳಿಸಿಕೊಳ್ಳುವಂಥ ಮಾತಲ್ಲ ಎಂದು ಆ ಮುಖದಲ್ಲೇ ಬರೆದಿತ್ತು. ಕೈ ಬೀಸಿ, ಮಡಕೆಯ ಗಾಡಿಗೆ ಹೆಗಲು ಕೊಡಲು ಹೋದ.